ತೋಳ ಹೋಯ್ತು, ಚಿಗುರು ಬಂತು

ಡಿಬೇಟ್‌ನಲ್ಲಿ ನಾನು ಕೇಳೋದು ಒಂದೇ ಪ್ರಶ್ನೆ: ತಪ್ಪು ಯಾರದು? ಸ್ವೀಡನ್‌ನ ಮೂಸ್ ಕಥೆಯಲ್ಲಿ ಆ ಪ್ರಶ್ನೆ ಸಾಲಲ್ಲ.

ಮೂಸ್ ಅಂದ್ರೆ ನಮ್ಮ ಕಡವೆಗಿಂತ ದೊಡ್ಡದು, ಜಿಂಕೆ ಕುಲದಲ್ಲೇ ದೈತ್ಯ. ಅದನ್ನು ತಿನ್ನುವ ತೋಳಗಳನ್ನು ಜನ ಕೊಂದರು. 1966ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಾಗ ಉಳಿದದ್ದು ಬೆರಳೆಣಿಕೆಯಷ್ಟು. ಅದೇ ಕಾಲದಲ್ಲಿ ಕಾಡನ್ನು ಒಮ್ಮೆಗೇ ಬೋಳಿಸಿ, ಹೊಸದಾಗಿ ಬೆಳೆಸುವ ಪದ್ಧತಿ ಹಬ್ಬಿತು. ಎಳೆ ಪೈನ್, ಎಳೆ ಬರ್ಚ್: ಮೂಸ್‌ಗೆ ಹಬ್ಬದೂಟ! ಸಂಖ್ಯೆ ಏರಿತು. 1980ರ ದಶಕದ ಆರಂಭದಲ್ಲಿ ಬೇಟೆಗಾರರು ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಸ್ ಹೊಡೆದರು.

ಈಗ ತೋಳ ಮರಳಿದೆ. ಬೇಟೆಗಾರರು ತೋಳವನ್ನು ದೂರ್ತಾರೆ, ಅರಣ್ಯ ಮಾಲೀಕರು ಪೈನ್ ತಿನ್ನುವ ಮೂಸನ್ನು. ಇಂಜಿನಿಯರಿಂಗ್ ಭಾಷೆಯಲ್ಲಿ ಇದು ಫೀಡ್‌ಬ್ಯಾಕ್: ಒಂದು ತುದಿ ಎಳೆದ್ರೆ ಇನ್ನೊಂದು ಅಲುಗುತ್ತೆ. ಆದರೆ ಊಟ ಬಡಿಸಿದ ಗರಗಸದ ಹೆಸರು ಯಾರೂ ಎತ್ತಲ್ಲ!