ಮನೋವೈದ್ಯರ ಕೊರತೆಗೆ ಬಳ್ಳಾರಿ ತೋರಿದ ದಾರಿ

ಕಾರ್ಮಿಕನ ಕೈಗಾದ ಗಾಯ ಕಣ್ಣಿಗೆ ಕಾಣುತ್ತದೆ. ಮನಸ್ಸಿನ ಬೇನೆ ಗೈರುಹಾಜರಿಯಾಗಿ, ಕುಂದಿದ ಉತ್ಪಾದನೆಯಾಗಿ ಮಾತ್ರ ಲೆಕ್ಕಕ್ಕೆ ಬರುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನ ಸಮಸ್ಯೆಯುಳ್ಳವರಲ್ಲಿ ಸುಮಾರು ಶೇ. 86 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಎಂ.ಬಿ.ಬಿ.ಎಸ್. ಬಳಿಕ ಮನೋವೈದ್ಯಶಾಸ್ತ್ರದ ಎಂ.ಡಿ. ಪದವಿಗೆ ಮೂರು ವರ್ಷ ಬೇಕು. ಅಷ್ಟು ಕಾಯದೆ, ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ ಗುರುತಿಸಿ ಔಷಧ ನೀಡುವ ತರಬೇತಿ ಕೊಟ್ಟಿತು. ಈ ಮಾದರಿಯ ಆಧಾರದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ಕಾರ್ಖಾನೆಗೆ ಬರುವ ವೈದ್ಯರಿಗೂ ಇಂತಹ ತರಬೇತಿ ದೊರೆಯುವುದು ಉದ್ಯಮಿಗಳಿಗೇ ಹಿತ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ವಿಮೆಯಲ್ಲಿ ಮನೋರೋಗಕ್ಕೆ ದೈಹಿಕ ರೋಗದಷ್ಟೇ ಸ್ಥಾನ ನೀಡಿದೆ. ಸಮೂಹ ವಿಮೆ ಮಾಡಿಸುವಾಗ ಸದಸ್ಯರು ಇದನ್ನು ಗಮನಿಸುವುದು ಸೂಕ್ತ.