ತರಗತಿಯಲ್ಲಿ ಧರ್ಮಪೀಠ

ಏಳುನೂರು ವರ್ಷಗಳ ಹಿಂದೆ ಫ್ರಾನ್ಸಿನ ಬೆಟ್ಟದೂರೊಂದರ ಜನರ ಮೇಲೆ ನಡೆದ ವಿಚಾರಣೆಯನ್ನು ಮಕ್ಕಳು ಪಾತ್ರ ಹೊತ್ತು ಆಡಿದರೆ, ನ್ಯಾಯ ಎಂದರೇನೆಂಬುದು ಅವರಿಗೆ ತಾನಾಗಿ ಎದುರಾಗುತ್ತದೆ.

1320ರ ಜುಲೈನಲ್ಲಿ ದಕ್ಷಿಣ ಫ್ರಾನ್ಸಿನ ಪಾಮಿಯೆ ಪಟ್ಟಣದ ಬಿಷಪ್ ಜಾಕ್ ಫೂರ್ನಿಯೆ ಒಬ್ಬ ವಿಧವೆಗೆ ಕರೆ ಕಳಿಸಿದ. ಅವಳು ಬೆಯಾತ್ರೀಸ್ ದ ಪ್ಲಾನಿಸೋಲ್, ಸಣ್ಣ ಸರದಾರ ಮನೆತನದವಳು. ಬಂದವಳು ಮೊದಲು ಎಲ್ಲವನ್ನೂ ಅಲ್ಲಗಳೆದಳು, ಆಮೇಲೆ ಹೆದರಿ ಓಡಿದಳು, ಸಿಕ್ಕಿಬಿದ್ದಳು. ಅವಳ ಗಂಟು ಬಿಚ್ಚಿದರೆ ಒಳಗೆ ಒಣಗಿದ ಹೊಕ್ಕುಳಬಳ್ಳಿಗಳು. ಅವು ಮೊಮ್ಮಕ್ಕಳವೆಂದೂ, ಜೊತೆಗಿಟ್ಟುಕೊಂಡರೆ ವ್ಯಾಜ್ಯದಲ್ಲಿ ಸೋಲಿಲ್ಲವೆಂದು ಒಬ್ಬಾಕೆ ಹೇಳಿದ್ದಳೆಂದೂ ಬೆಯಾತ್ರೀಸ್ ವಿವರಿಸಿದಳು. ಲಿಪಿಕಾರ ಅದನ್ನೂ ಬರೆದುಕೊಂಡ.

ಫೂರ್ನಿಯೆ 1318ರಿಂದ 1325ರವರೆಗೆ ಇಂಥ 98 ಪ್ರಕರಣಗಳನ್ನು ಕೈಗೆತ್ತಿಕೊಂಡು 578 ಬಾರಿ ವಿಚಾರಣೆ ನಡೆಸಿದ. ಅವನು ಹುಡುಕುತ್ತಿದ್ದುದು ರೋಮಿನ ಚರ್ಚು ಪಾಷಂಡಿಗಳೆಂದು ಸಾರಿದ್ದ ಕಥಾರರನ್ನು ಮತ್ತು ವಾಲ್ಡೆನ್ಸಿಯನ್ನರನ್ನು. ಪಿರೆನೀಸ್ ಬೆಟ್ಟಸಾಲಿನ ಮೊಂತಾಯೂ ಎಂಬ ಒಂದೇ ಹಳ್ಳಿಯಿಂದ ಸುಮಾರು 25 ಜನ ಅವನ ಮುಂದೆ ನಿಂತರು. ಊರಿನ ಒಟ್ಟು ಜನಸಂಖ್ಯೆಯೇ ಇನ್ನೂರರಿಂದ ಇನ್ನೂರೈವತ್ತು. ಅವರು ತಮ್ಮ ಆಕ್ಸಿಟನ್ ನುಡಿಯಲ್ಲಿ ಹೇಳಿದ್ದು ಲ್ಯಾಟಿನ್ನಿನಲ್ಲಿ ದಾಖಲಾಯಿತು. ಫೂರ್ನಿಯೆ 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದ. ಅವನ ಕಡತ ಇಂದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಇತಿಹಾಸಕಾರ ಇಮ್ಯಾನುಯೆಲ್ ಲೆ ರೊಯ್ ಲದುರಿ 1975ರಲ್ಲಿ ಅದರ ಆಧಾರದ ಮೇಲೆ ‘ಮೊಂತಾಯೂ’ ಬರೆದ ಮೇಲೆ ಆ ಹಳ್ಳಿಯ ಕುರುಬರೂ ಗೃಹಿಣಿಯರೂ ಜಗತ್ತಿಗೆ ಪರಿಚಿತರಾದರು.

ಈ ಕಡತ ತರಗತಿಯ ಆಟವಾಗಬೇಕು ಎಂಬುದು ನನ್ನ ಆಸೆ.

ಪಾತ್ರ ಹೊತ್ತು ಕಲಿಯುವ ಇತಿಹಾಸ

ಇಂಥ ಆಟಗಳಿಗೆ ಗಟ್ಟಿಯಾದ ಮೇಲ್ಪಂಕ್ತಿಯಿದೆ. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಇತಿಹಾಸದ ಪ್ರಾಧ್ಯಾಪಕ ಮಾರ್ಕ್ ಕಾರ್ನ್ಸ್ 1990ರ ದಶಕದಲ್ಲಿ ‘ರಿಯಾಕ್ಟಿಂಗ್ ಟು ದ ಪಾಸ್ಟ್’ ಎಂಬ ಕಲಿಕಾ ಕ್ರಮವನ್ನು ರೂಪಿಸಿದರು. ಸಾಕ್ರಟೀಸನ ಕಾಲದ ಅಥೆನ್ಸ್, ಮಿಂಗ್ ಚಕ್ರವರ್ತಿಯ ಆಸ್ಥಾನ, 1945ರ ಸಿಮ್ಲಾ ಸಮ್ಮೇಳನ, ಹೀಗೆ ಒಂದೊಂದು ಸಂದರ್ಭಕ್ಕೆ ಒಂದೊಂದು ಆಟ. ಪ್ರತಿ ವಿದ್ಯಾರ್ಥಿಗೂ ಒಂದು ಪಾತ್ರ, ಆ ಪಾತ್ರಕ್ಕೊಂದು ಗುರಿ. ಮೂಲ ಪಠ್ಯಗಳನ್ನು ಓದಿಕೊಂಡು ಬಂದು ಭಾಷಣ ಮಾಡಬೇಕು, ವಾದ ಹೂಡಬೇಕು, ಎದುರಾಳಿಯನ್ನು ಒಲಿಸಿಕೊಳ್ಳಬೇಕು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ಚೀಟಿ ಕಳಿಸುತ್ತಾರೆ. ಬಾಯಿಪಾಠದ ಸಂಭಾಷಣೆ ಇಲ್ಲದ ಕಾರಣ ಇದು ನಾಟಕಕ್ಕಿಂತ ಬೇರೆ. ಮುಂದೇನಾಗುತ್ತದೆ ಎಂಬುದು ಮಕ್ಕಳ ಮಾತಿನ ಮೇಲೆಯೇ ನಿಂತಿದೆ.

ಮೊಂತಾಯೂ ಕಥೆಯಲ್ಲಿ ಪಾತ್ರಗಳಿಗೆ ಬರವಿಲ್ಲ. ಊರಿನ ಪಾದ್ರಿ ಪಿಯೆರ್ ಕ್ಲೆರ್ಗ್ ಒಳಗೊಳಗೇ ಕಥಾರರ ಕಡೆಯವನು, ಬೆಯಾತ್ರೀಸಳ ಹಿಂದಿನ ಪ್ರಿಯಕರ, ಜೊತೆಗೆ ಕಾರ್ಕಸೊನ್ನಿನ ವಿಚಾರಕರಿಗೆ ಸುದ್ದಿ ಮುಟ್ಟಿಸುವವನು. ಅವನ ಅಣ್ಣತಮ್ಮಂದಿರಲ್ಲೊಬ್ಬ ಊರಿನ ಅಧಿಕಾರಿ. ಕುರುಬ ಪಿಯೆರ್ ಮೋರಿ ಚಳಿಗಾಲಕ್ಕೆ ಮಂದೆ ಹೊಡೆದುಕೊಂಡು ಸ್ಪೇನಿನ ಕಡೆಗೆ ಇಳಿಯುವವನು, ಪಂಥದ ಗುರುಗಳಿಗೆ ಕಷ್ಟಕ್ಕಾಗುವವನು. ತಾಯಿಯನ್ನು ಪಾಷಂಡಿಯೆಂದು ಸುಟ್ಟು ಆಸ್ತಿ ಮುಟ್ಟುಗೋಲು ಹಾಕಿಕೊಂಡಾಗ, ಅದನ್ನು ಮರಳಿ ಪಡೆಯಲೆಂದು ಆರ್ನೊ ಸಿಕ್ರ್ ಗೂಢಚಾರನಾದ. ಗಡಿಯಾಚೆ ಅಡಗಿದ್ದ ಗುರು ಬೆಲಿಬಾಸ್ತನನ್ನು ನಂಬಿಸಿ ಕರೆತಂದ. ಬೆಲಿಬಾಸ್ತ 1321ರಲ್ಲಿ ಬೆಂಕಿಗೆ ಆಹುತಿಯಾದ. ಇವರಾರನ್ನೂ ಒಳ್ಳೆಯವರು, ಕೆಟ್ಟವರು ಎಂದು ಎರಡು ಸಾಲಿನಲ್ಲಿ ನಿಲ್ಲಿಸಲಾಗುವುದಿಲ್ಲ. ಹಾಗಾಗಿಯೇ ಪಾತ್ರ ವಹಿಸುವ ಹುಡುಗ ಯೋಚಿಸಲೇಬೇಕಾಗುತ್ತದೆ.

ಆಟದ ನಿಯಮವೇ ಪಾಠ

ಮಧ್ಯಯುಗದ ನ್ಯಾಯವೆಂದರೆ ಕಾದ ಕಬ್ಬಿಣ ಹಿಡಿಸುವುದು, ನೀರಿಗೆ ಮುಳುಗಿಸುವುದು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಆದರೆ ಪಾದ್ರಿಗಳು ಅಂಥ ದಿವ್ಯಪರೀಕ್ಷೆಗಳಲ್ಲಿ ಭಾಗವಹಿಸಬಾರದೆಂದು ನಾಲ್ಕನೆಯ ಲ್ಯಾಟರನ್ ಧರ್ಮಸಭೆ 1215ರಲ್ಲೇ ನಿಷೇಧಿಸಿತ್ತು. ದೇವರು ತೀರ್ಪು ಕೊಡುತ್ತಿದ್ದ ಜಾಗದಲ್ಲಿ ಸಾಕ್ಷಿ, ಪ್ರಮಾಣ, ಲಿಖಿತ ದಾಖಲೆ ಮತ್ತು ತಪ್ಪೊಪ್ಪಿಗೆ ಬಂದು ಕೂತವು. ಇದು ಮುಂದಿಟ್ಟ ಹೆಜ್ಜೆಯೇ. ಆದರೆ ಒಪ್ಪಿಗೆಯೇ ಪುರಾವೆಗಳ ರಾಜನಾದಾಗ, ಅದನ್ನು ಹೊರತೆಗೆಯುವ ದಾರಿಗಳೂ ಹುಟ್ಟಿಕೊಂಡವು.

ಆಟವನ್ನು ಆ ಕಾಲದ ರೂಢಿಗಳಿಂದಲೇ ಕಟ್ಟಬೇಕು. ಮೊದಲ ದಿನ ಕ್ಷಮೆಯ ಗಡುವು: ಇಷ್ಟರೊಳಗೆ ತಾನಾಗಿ ಬಂದು ಒಪ್ಪಿಕೊಂಡವರಿಗೆ ಹಗುರ ಶಿಕ್ಷೆ. ಆದರೆ ಒಪ್ಪಿಕೊಳ್ಳುವುದೆಂದರೆ ಇನ್ನೊಬ್ಬರ ಹೆಸರು ಹೇಳುವುದೂ ಹೌದು. ನಾನು ಸುಮ್ಮನಿದ್ದರೆ ಪಕ್ಕದವಳು ನನ್ನ ಹೆಸರು ಹೇಳಿಬಿಟ್ಟರೆ? ಗಡುವು ಮುಗಿಯುವ ಮೊದಲೇ ಗೆಳೆಯರು ಒಬ್ಬರ ಮುಖ ಒಬ್ಬರು ಅಳೆಯತೊಡಗುತ್ತಾರೆ.

ಎರಡನೆಯದು ಪ್ರಮಾಣ. ವಾಲ್ಡೆನ್ಸಿಯನ್ನರು ಆಣೆ ಇಡುವುದನ್ನೇ ಪಾಪವೆಂದು ಬಗೆದವರು. ಆ್ಯಗ್ನೆಸ್ ಎಂಬ ವೃದ್ಧೆ ಫೂರ್ನಿಯೆಯ ಮುಂದೆ ಪ್ರಮಾಣ ಮಾಡಲು ಒಪ್ಪದೆ 1320ರಲ್ಲಿ ಸುಡಲ್ಪಟ್ಟಳು. ಈ ಪಾತ್ರ ಸಿಕ್ಕ ವಿದ್ಯಾರ್ಥಿನಿಗೆ ಬಾಯಿ ತೆರೆಯುವ ಮೊದಲೇ ಪ್ರಕರಣ ಮುಗಿದಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ದೂರು ಕೊಟ್ಟವರ ಹೆಸರನ್ನು ಆರೋಪಿಗೆ ತಿಳಿಸದಿರುವುದು ಅಂದಿನ ವಾಡಿಕೆ. ಆತನಿಗಿದ್ದ ಒಂದು ರಕ್ಷಣೆಯೆಂದರೆ ತನ್ನ ಕಡುವೈರಿಗಳ ಪಟ್ಟಿ ಕೊಡುವುದು. ಸಾಕ್ಷಿ ಹೇಳಿದವರು ಆ ಪಟ್ಟಿಯಲ್ಲಿದ್ದರೆ ಅವರ ಮಾತಿಗೆ ಬೆಲೆ ಕಡಿಮೆ. ಹಾಗಾಗಿ ಆರೋಪಿ ಕತ್ತಲಲ್ಲಿ ಕೂತು ಊರಿನವರನ್ನೆಲ್ಲ ನೆನೆಯಬೇಕು: ಕುರಿ ಮೇಯಿಸಿದ್ದಕ್ಕೆ ಜಗಳವಾಡಿದವನೋ, ಸಾಲ ವಾಪಸು ಕೇಳಿದ್ದಕ್ಕೆ ಮುನಿದವನೋ, ಮಗಳನ್ನು ಕೊಡಲಿಲ್ಲವೆಂದು ಹಗೆ ಸಾಧಿಸುವವನೋ? ಊರಿನ ಒಡಕುಗಳೆಲ್ಲ ಈ ಪಟ್ಟಿಯಲ್ಲಿ ಹೊರಬೀಳುತ್ತವೆ. ಧರ್ಮದ ಜಗಳ ಎನ್ನುವುದರ ತಳದಲ್ಲಿ ಹೊಲ, ಮಂದೆ, ವರದಕ್ಷಿಣೆ ಮತ್ತು ದಶಮಾಂಶದ ತೆರಿಗೆ ಎಷ್ಟಿದೆಯೆಂದು ಆಗ ಮಕ್ಕಳಿಗೆ ಕಾಣುತ್ತದೆ. ಫೂರ್ನಿಯೆ ದನಕುರಿಗಳ ಮೇಲೂ ದಶಮಾಂಶ ಹೇರಿದ್ದಕ್ಕೆ ಆ ಸೀಮೆಯ ಜನ ಕುದಿಯುತ್ತಿದ್ದರು.

ಕೊನೆಗೆ ತೀರ್ಪು. ಫೂರ್ನಿಯೆಯ ಮುಂದೆ ನಿಂತವರಲ್ಲಿ ಸುಡಲ್ಪಟ್ಟವರು ಐವರು. ಉಳಿದ ಅನೇಕರಿಗೆ ಸೆರೆಮನೆ, ಯಾತ್ರೆ, ಆಸ್ತಿ ಮುಟ್ಟುಗೋಲು, ಬಟ್ಟೆಯ ಮೇಲೆ ಹೊಲಿದ ಹಳದಿ ಶಿಲುಬೆ. ಬೆಯಾತ್ರೀಸ್ 1321ರಲ್ಲಿ ಸೆರೆಗೆ ಹೋಗಿ 1322ರಲ್ಲಿ ಶಿಲುಬೆ ಧರಿಸಿ ಹೊರಬಂದಳು. ಜೀವ ಉಳಿದರೂ ಸಂತೆಗೆ ಹೋದಲ್ಲೆಲ್ಲ ಅವಮಾನ ಬೆನ್ನ ಮೇಲೆ ಇರುತ್ತಿತ್ತು.

ಮೇಷ್ಟ್ರ ಜವಾಬ್ದಾರಿ

ಚಿತ್ರಹಿಂಸೆಯನ್ನು ಆಡಿಸಕೂಡದು. ಪೋಪರ ಶಾಸನ 1252ರಲ್ಲಿ ಅದಕ್ಕೆ ಅವಕಾಶ ಕೊಟ್ಟಿದ್ದು ನಿಜ, ಆದರೆ ಫೂರ್ನಿಯೆ ಅದನ್ನು ಬಳಸಿದ್ದು ತೀರ ವಿರಳ. ತಾಳ್ಮೆಯ ಪ್ರಶ್ನೆ ಮತ್ತು ಸೆರೆಮನೆಯ ಕಾಯುವಿಕೆ ಅವನಿಗೆ ಸಾಕಾಗಿದ್ದವು. ಆಟಕ್ಕೂ ಅಷ್ಟೇ ಸಾಕು. ತರಗತಿಯಲ್ಲಿ ಮೊದಲೇ ಮೂಲೆಗುಂಪಾದ ಮಗುವಿಗೆ ಆರೋಪಿಯ ಪಾತ್ರ ಕೊಡಬಾರದು. ಆಟದಲ್ಲಿ ಒಬ್ಬರ ಹೆಸರು ಹೇಳಿದವನಿಗೆ ಆಮೇಲೆ ಗೆಳೆಯರು ದ್ರೋಹಿಯೆಂದು ಹಣೆಪಟ್ಟಿ ಹಚ್ಚದಂತೆ ನೋಡಿಕೊಳ್ಳಬೇಕು. ಪಾತ್ರ ಕಳಚಿದ ಮೇಲೆ ಕನಿಷ್ಠ ಒಂದು ಪೂರ್ತಿ ಪೀರಿಯಡ್ ಮಾತುಕತೆಗೆ ಮೀಸಲಿಡಬೇಕು. ಯಾವ ಗಳಿಗೆಯಲ್ಲಿ ಬಾಯಿ ಬಿಟ್ಟೆ, ಏಕೆ ಬಿಟ್ಟೆ, ಬಿಷಪ್ಪನಾಗಿ ಕೂತವನಿಗೆ ತಾನು ಆತ್ಮಗಳನ್ನು ಉಳಿಸುತ್ತಿದ್ದೇನೆಂದು ನಿಜವಾಗಿಯೂ ಅನಿಸಿತೇ ಎಂದು ಕೇಳಬೇಕು. ಈ ಮಾತುಕತೆ ಇಲ್ಲದಿದ್ದರೆ ಆಟ ಬರೀ ಮೋಜಾಗಿ ಉಳಿಯುತ್ತದೆ.

ಇದು ನಮಗೆ ಪೂರ್ತಿ ದೂರದ ಕಥೆಯೂ ಅಲ್ಲ. ಇಂಥದೇ ಧರ್ಮನ್ಯಾಯಾಲಯ ಪೋರ್ಚುಗೀಸರ ಆಳ್ವಿಕೆಯಲ್ಲಿ 1560ರಲ್ಲಿ ಗೋವೆಗೆ ಬಂತು, ನಡುವೆ ಕೆಲ ಕಾಲ ನಿಂತರೂ 1812ರವರೆಗೆ ಉಳಿಯಿತು. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಕೆನರಾ ಕರಾವಳಿಗೆ ಇಳಿದುಬಂದ ಕೊಂಕಣಿ ಮನೆತನಗಳು, ಹಿಂದೂಗಳೂ ಕ್ರೈಸ್ತರೂ, ಇಂದು ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ನೆರೆಹೊರೆಯವರು.

ನಮ್ಮ ಸಂವಿಧಾನದ 20ನೇ ವಿಧಿಯ ಮೂರನೇ ಉಪವಿಧಿ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು ಎನ್ನುತ್ತದೆ. ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡುವ ಹಕ್ಕು ನಮ್ಮ ಕೋರ್ಟುಗಳಲ್ಲಿ ಪ್ರತಿ ಆರೋಪಿಗೂ ಇದೆ. ಅಪರಾಧಿಗಳಿಗೆ ಇಷ್ಟೆಲ್ಲ ರಕ್ಷಣೆ ಏಕೆ ಎಂದು ರೇಗುವ ಮಾತನ್ನು ನಾವು ದಿನವೂ ಕೇಳುತ್ತೇವೆ. ಮೊಂತಾಯೂವಿನ ವಿಧವೆಯಾಗಿ ಒಂದು ವಾರ ಬದುಕಿದ, ತನ್ನ ಮೇಲೆ ದೂರಿತ್ತವರು ಯಾರೆಂದು ತಿಳಿಯದೆ ವೈರಿಗಳ ಪಟ್ಟಿ ಬರೆದ ಹುಡುಗಿ ಆ ಪ್ರಶ್ನೆಗೆ ಉತ್ತರ ಕೊಡಬಲ್ಲಳು. ಆ ರಕ್ಷಣೆಗಳು ಇಲ್ಲದಿದ್ದಾಗ ಊರಿಗೆ ಊರೇ ಏನಾಗುತ್ತದೆಂಬುದನ್ನು ಅವಳು ಒಳಗಿನಿಂದ ಬಲ್ಲಳು.