ಕೊಳವೆಯೊಳಗಿನ ಅಡ್ಡಗೋಡೆ

ಬಂದೂಕಿನ ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಸೈಲೆನ್ಸರ್, ಭಾರತದ ಕಾನೂನಿನ ಪ್ರಕಾರ ಬರಿಯ ಬಿಡಿಭಾಗವಲ್ಲ. ಗುಂಡು ಹಾರುವಾಗಿನ ಸದ್ದನ್ನೋ ಬೆಳಕನ್ನೋ ತಗ್ಗಿಸುವ ಸಾಧನವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ. ತಾನಾಗಿ ಒಂದು ಗುಂಡನ್ನೂ ಹಾರಿಸಲಾರದ ಕೊಳವೆಗೂ ಬಂದೂಕಿನಷ್ಟೇ ಕಟ್ಟುಪಾಡು. ಅದೇ ತತ್ತ್ವದ ಇನ್ನೊಂದು ಕೊಳವೆ ಶಹಾಪುರದಿಂದ ಗೋಗಿಗೆ ಹೋಗುವ ಬೈಕು, ಟ್ರ್ಯಾಕ್ಟರುಗಳ ಮೈಗೆ ಅಂಟಿಕೊಂಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು ಅದನ್ನು ಕಡ್ಡಾಯ ಮಾಡಿದೆ; ಕೃಷಿ ಟ್ರ್ಯಾಕ್ಟರಿಗೂ ವಿನಾಯಿತಿ ಇಲ್ಲ. ಪರವಾನಗಿಯಿಲ್ಲದೆ ಮೊದಲನೆಯದನ್ನು ಇಟ್ಟುಕೊಂಡರೆ ಅಪರಾಧ, ಎರಡನೆಯದನ್ನು ಕಿತ್ತುಹಾಕಿದರೆ ಅಪರಾಧ.

ಒಬ್ಬನೇ ಎಂಜಿನಿಯರ್, ಎರಡು ಸಾಧನ

ಈ ನಂಟು ಆಕಸ್ಮಿಕವಲ್ಲ. 1909ರಲ್ಲಿ ಬಂದೂಕಿನ ಸೈಲೆನ್ಸರ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ ಹೀರಮ್ ಪರ್ಸಿ ಮ್ಯಾಕ್ಸಿಮ್ ಮೋಟಾರು ವಾಹನಗಳ ಎಂಜಿನಿಯರ್ ಕೂಡ ಆಗಿದ್ದರು; ಎಂಜಿನ್ನಿನ ಸದ್ದಡಗಿಸುವ ಕೆಲಸಕ್ಕೂ ಇದೇ ವಿಚಾರವನ್ನು ಒಗ್ಗಿಸಿದರು. ಎರಡರಲ್ಲೂ ಸಮಸ್ಯೆ ಒಂದೇ: ಇಕ್ಕಟ್ಟಿನಲ್ಲಿದ್ದ ಬಿಸಿ ಅನಿಲ ಒಮ್ಮೆಲೇ ಹೊರಗಿನ ಗಾಳಿಗೆ ಅಪ್ಪಳಿಸಿದಾಗ ಸಿಡಿತ ಹುಟ್ಟುತ್ತದೆ. ಕೊಳವೆಯೊಳಗೆ ಸಾಲಾಗಿ ನಿಂತ ಅಡ್ಡಗೋಡೆಗಳು, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಬ್ಯಾಫಲ್’ಗಳು, ಆ ಅನಿಲವನ್ನು ಕೋಣೆಯಿಂದ ಕೋಣೆಗೆ ತಡೆದು ಹಿಗ್ಗಿಸಿ, ತಣಿಸಿ ಹೊರಬಿಡುತ್ತವೆ.

ಸಿನಿಮಾಗಳು ತೋರಿಸುವಂತೆ ಬಂದೂಕು ಇದರಿಂದ ಮೂಕವಾಗುವುದಿಲ್ಲ. ಗುಂಡಿನ ಸದ್ದು ಸಾಮಾನ್ಯವಾಗಿ 140ರಿಂದ 170 ಡೆಸಿಬೆಲ್. ಸೈಲೆನ್ಸರ್ ಕಳೆಯುವುದು ಸುಮಾರು 20ರಿಂದ 30. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಗಾಳಿಯಲ್ಲಿ ಎಬ್ಬಿಸುವ ಸಿಡಿತಕ್ಕೆ ಇದು ಮದ್ದೇ ಅಲ್ಲ. ಆದ್ದರಿಂದಲೇ ಫಿನ್ಲೆಂಡ್, ನಾರ್ವೆಗಳಲ್ಲಿ ಇದನ್ನು ಬೇಟೆಗಾರರ ಕಿವಿಯ ರಕ್ಷಣೆಯ ಸಾಧನವೆಂದು ಕಾಣುತ್ತಾರೆ. ಅಮೆರಿಕ ಮಾತ್ರ 1934ರಲ್ಲಿಯೇ 200 ಡಾಲರ್ ತೆರಿಗೆಯನ್ನೂ ನೋಂದಣಿಯನ್ನೂ ವಿಧಿಸಿತು.

ಸುರಪುರ ಸೀಮೆಗೆ ಕೋವಿ ಹೊಸದಲ್ಲ. 1705ರಲ್ಲಿ ವಾಗಿನಗೇರಿ ಕೋಟೆಗೆ ಸ್ವತಃ ಔರಂಗಜೇಬನೇ ಮುತ್ತಿಗೆ ಹಾಕಿದಾಗ ಬೇಡರ ಕೋವಿಕಾರರು ಮೊಗಲ್ ಸೈನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿದ್ದರು. ಗುಂಡು ಎಲ್ಲಿಂದ ಹಾರಿತು ಎಂಬುದಕ್ಕೆ ಅದರ ಸದ್ದೇ ಮೊದಲ ಸಾಕ್ಷಿ. ಆ ಸಾಕ್ಷಿಯನ್ನು ಮಸುಕಾಗಿಸುವ ಸಾಧನದ ಬಗ್ಗೆ ಕಾನೂನು ಬಿಗಿಯಾಗಿರುವುದು ಸರಿಯೇ. ನಮ್ಮ ಪರಿಸ್ಥಿತಿಯಲ್ಲಿ ಕಿವಿಯ ರಕ್ಷಣೆಯ ವಾದ ಅದನ್ನು ಸಡಿಲಿಸುವಷ್ಟು ತೂಕದ್ದಲ್ಲ.

ಬೀದಿಯ ಸದ್ದು

ನಮ್ಮ ಜನಜೀವನವನ್ನು ನಿತ್ಯ ತಟ್ಟುವುದು ಎರಡನೆಯ ಕೊಳವೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಸೆಕೆಂಡಿಗೆ 25 ಬಾರಿ ಹೊಗೆಯನ್ನು ಹೊರದಬ್ಬುತ್ತದೆ. ಒಳಗಿನ ಗೋಡೆ ಕಿತ್ತುಹಾಕಿದರೆ ಆ ಇಪ್ಪತ್ತೈದೂ ಹೊಡೆತಗಳು ನೇರ ಬೀದಿಗೆ ಬೀಳುತ್ತವೆ. ಹೊಸ ದ್ವಿಚಕ್ರ ವಾಹನಗಳಿಗೆ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ 75ರಿಂದ 80 ಡೆಸಿಬೆಲ್ ಮಿತಿಯಿದೆ. ಡೆಸಿಬೆಲ್ಲಿನ ಲೆಕ್ಕ ಸಾಮಾನ್ಯ ಕೂಡಿಕೆಯದಲ್ಲ: ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ವಸತಿ ಪ್ರದೇಶಗಳಿಗೆ 2000ದ ಶಬ್ದಮಾಲಿನ್ಯ ನಿಯಮಗಳು ಹಗಲಿಗೆ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಎಂದು ಗೆರೆ ಎಳೆದಿವೆ. ಮಲಗಿದ್ದ ರೋಗಿಯೋ ಹಸುಗೂಸೋ ಬೆಚ್ಚಿಬೀಳಲು ಒಂದೇ ಬೈಕು ಸಾಕು.

ಸವಾರರ ವಾದವನ್ನೂ ಕೇಳಬೇಕು. ಸದ್ದು ದೊಡ್ಡದಿದ್ದರೆ ಎದುರಿನವರು ಎಚ್ಚರಗೊಳ್ಳುತ್ತಾರೆ, ಎಂಜಿನ್ನಿಗೆ ಕಸುವು ಹೆಚ್ಚುತ್ತದೆ ಎನ್ನುತ್ತಾರೆ. ಆದರೆ ಸದ್ದಿನ ಹೆಚ್ಚು ಪಾಲು ಹಿಂದಕ್ಕೆ ಹೋಗುವುದರಿಂದ ಎದುರಿನವರಿಗೆ ಎಚ್ಚರಿಕೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ಇನ್ನು ಕಸುವು: ಎಂಜಿನ್ನಿಗೆ ಹೊಂದಿಸಿದ ಕೊಳವೆಯನ್ನು ಸುಮ್ಮನೆ ಬರಿದು ಮಾಡಿದರೆ ಅದು ಹೆಚ್ಚುವ ಬದಲು ಕುಗ್ಗಲೂಬಹುದು. ತುಕ್ಕು ಹಿಡಿದು ಸೈಲೆನ್ಸರ್ ತೂತಾದ ಹಳೆಯ ಟ್ರ್ಯಾಕ್ಟರಿನ ರೈತನ ಮಾತು ಬೇರೆ. ಅವನ ಕಷ್ಟ ದುಡ್ಡಿನದು. ಬೇಕೆಂದೇ ಕೊರೆಸಿಕೊಂಡವನ ಸಾಲಿಗೆ ಅವನನ್ನು ಸೇರಿಸಿ ದಂಡ ಹಾಕುವುದು ನ್ಯಾಯವಲ್ಲ; ದುರಸ್ತಿಗೆ ಗಡುವು ಕೊಡಬಹುದು.

ದಂಡದ ಮಿತಿ

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಶಬ್ದದ ಮಾನದಂಡ ಮೀರಿದವರಿಗೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಸಾಧ್ಯ. ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ರೋಡ್ ರೋಲರ್ ಕೆಳಗೆ ಪುಡಿಮಾಡುವ ದೃಶ್ಯ ಬೆಂಗಳೂರಿನಿಂದ ಹಿಡಿದು ಹಲವೆಡೆ ಕಂಡಿದೆ. ಕೆಲವು ದಿನ ರಸ್ತೆ ತಣ್ಣಗಿರುತ್ತದೆ, ಆಮೇಲೆ ಅದೇ ಪೈಪು ಅದೇ ಅಂಗಡಿಯಲ್ಲಿ ಸಿಗುತ್ತದೆ. ಸಿಕ್ಕಿಬೀಳುವವನು ಸವಾರ; ಮಾರಿದವನೂ ಕೂರಿಸಿಕೊಟ್ಟವನೂ ಬಹುಮಟ್ಟಿಗೆ ಹೊರಗುಳಿಯುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಶಬ್ದ ಅಳೆಯುವ ಮಾಪಕವಿಲ್ಲದೆ, ಕಿವಿಯ ಅಂದಾಜಿನ ಮೇಲೆ ಹಾಕಿದ ದಂಡ ಜಗಳಕ್ಕೆ ದಾರಿಯಾಗುತ್ತದೆ.

ಇನ್ನೊಂದು ಕೆಲಸ ಬಾಕಿಯಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ತಾನಾಗಿಯೇ ನಿಶ್ಶಬ್ದ ವಲಯವಾಗುವುದಿಲ್ಲ. ಶಬ್ದಮಾಲಿನ್ಯ ನಿಯಮಗಳ 2017ರ ತಿದ್ದುಪಡಿಯಂತೆ ರಾಜ್ಯ ಸರ್ಕಾರ ಅದನ್ನು ಘೋಷಿಸಬೇಕು. ಜಿಲ್ಲಾ ಕೇಂದ್ರಕ್ಕಷ್ಟೇ ನಿಲ್ಲದೆ ಗೋಗಿಯಂಥ ಊರುಗಳ ಶಾಲೆ, ಆಸ್ಪತ್ರೆಗಳೂ ಆ ಪಟ್ಟಿಗೆ ಸೇರಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಿ ಕಳಿಸಬಹುದು.